ಸಿ.ಸಿ. ಕೇಳುವ ಮೊದಲು ನೆಲ ಯಾವುದು ಅಂತ ಕೇಳಿ: ಸ್ಪೋರ್ಟ್ ಕ್ವಾಡ್ ಬೈಕ್ ಆರಿಸುವುದು ಹೇಗೆ?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶಾರ್ಜಾದಿಂದ ಮಾತಾಡ್ತಿದ್ದೇನೆ.

ಹೋದ ವಾರ ರಾತ್ರಿ ಹತ್ತೂವರೆ ಹೊತ್ತಿಗೆ ನನ್ನ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ನೀಲಿ ಬಣ್ಣದ ಕ್ವಾಡ್ ಬೈಕ್, ಯಮಹಾ ರ‍್ಯಾಪ್ಟರ್ 700, ಸೆಕೆಂಡ್ ಹ್ಯಾಂಡ್. ಕೆಳಗೆ ಒಂದೇ ಸಾಲು: "ಮಾವ, ತೆಗೊಳ್ಲಾ?" ಹುಡುಗ ಊರಿಂದ ಬಂದು ಒಂದು ವರ್ಷ ಎರಡು ತಿಂಗಳು ಆಯ್ತು. ಕೈಯಲ್ಲಿ ಮೊದಲ ಉಳಿತಾಯ. ಊರಲ್ಲಿ ಪಲ್ಸರ್ ಓಡಿಸಿದ್ದಾನೆ, ನಾಲ್ಕು ಚಕ್ರದ ಈ ಗಾಡಿ ಓಡಿಸಿದ್ದು ಒಂದೇ ಸಲ, ಅದೂ ಅಲ್ ಬದಾಯರ್ ಮರಳುಗಾಡಿನಲ್ಲಿ ಬಾಡಿಗೆಗೆ, ಅರ್ಧ ಗಂಟೆ.

ನಾನು ಆ ರಾತ್ರಿ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ: "ಇದನ್ನು ಎಲ್ಲಿ ಓಡಿಸ್ತಿ?" ಅವನು ಹೇಳಿದ, "ಮಾವ, 700 ಸಿ.ಸಿ. ಉಂಟು, ಎಲ್ಲಿ ಬೇಕಾದರೂ ಓಡ್ತದೆ."

ಇವತ್ತಿನ ಸಂಚಿಕೆ ಆ ಒಂದು ಮಾತಿನ ಬಗ್ಗೆ. ಸ್ಪೋರ್ಟ್ ಕ್ವಾಡ್‌ಗಳಲ್ಲಿ ಎಲ್ಲಿ ಬೇಕಾದರೂ ಚೆನ್ನಾಗಿ ಓಡುವ ಗಾಡಿ ಅಂತ ಒಂದಿಲ್ಲ. ರೇಸಿಗೆ ಮಾಡಿದ್ದು ಬೇರೆ, ಕಾಡುದಾರಿಗೆ ಒಗ್ಗುವುದು ಬೇರೆ, ಮರಳಿಗೆ ಹೇಳಿ ಮಾಡಿಸಿದ್ದು ಇನ್ನೊಂದು. ಇದು ನನಗೆ ಗೊತ್ತಾದದ್ದು ಪುಸ್ತಕ ಓದಿ ಅಲ್ಲ. ಕಾಲು ಮುರಿದುಕೊಂಡು.

ನಾನು ಮಾಡಿದ ತಪ್ಪು

ಇಲ್ಲಿಗೆ ಬಂದ ಮೂರನೇ ವರ್ಷ ನಾನೂ ಒಂದು ಗಾಡಿ ತಗೊಂಡೆ. 450 ಸಿ.ಸಿ.ಯ ಅಪ್ಪಟ ರೇಸ್ ಗಾಡಿ. ಮಾರಿದವರು ಹೇಳಿದ್ದು, "ಇದು ಟ್ರ್ಯಾಕಲ್ಲಿ ಗೆಲ್ಲುವ ಗಾಡಿ." ಅದು ಸುಳ್ಳೇನಲ್ಲ. ಆದರೆ ನನಗೆ ಟ್ರ್ಯಾಕ್ ಇರಲಿಲ್ಲ. ನಾನು ಹೋಗ್ತಿದ್ದದ್ದು ವಾರಕ್ಕೊಮ್ಮೆ, ಗೆಳೆಯರ ಜೊತೆ, ಮರಳ ದಿಬ್ಬಗಳಿಗೆ.

ಎರಡನೇ ವಾರವೇ ಒಂದು ದಿಬ್ಬದ ನೆತ್ತಿ ದಾಟುವಾಗ ಹೆದರಿ ಥ್ರಾಟಲ್ ಬಿಟ್ಟೆ. ಗಾಡಿ ಆಚೆ ಬದಿಯ ಕಡಿದಾದ ಇಳಿಜಾರಲ್ಲಿ ಜಾರಿ ಬಾಣಲೆಯಂಥ ಒಂದು ಗುಂಡಿಗೆ ಇಳಿಯಿತು. ಎದುರು ಮರಳಿನ ಗೋಡೆ. ಹಿಂದೆ ತೆಗೆಯೋಣ ಅಂದರೆ ಆ ಗಾಡಿಗೆ ರಿವರ್ಸ್ ಗೇರೇ ಇಲ್ಲ. ರೇಸ್ ಟ್ರ್ಯಾಕಲ್ಲಿ ಹಿಂದೆ ಹೋಗುವ ಕೆಲಸ ಇಲ್ಲ, ತೂಕ ಉಳಿಸಲು ಕಂಪೆನಿಯವರು ರಿವರ್ಸ್ ಕೊಡುವುದಿಲ್ಲ. ಸುಮಾರು 185 ಕಿಲೋ ತೂಕದ ಗಾಡಿಯ ಮುಂಭಾಗ ಎತ್ತಿ, ಒಂದೊಂದು ಅಡಿ ತಿರುಗಿಸಿ ಹೊರಗೆ ತರುವಾಗ ಹೊತ್ತು ಮುಳುಗಿತ್ತು. ಮೊದಲ ಗೇರ್ ಮರಳಲ್ಲಿ ನಿಧಾನ ಎಳೆಯುವಷ್ಟು ಕೆಳಗಿಲ್ಲದ ಕಾರಣ ಕ್ಲಚ್ಚನ್ನು ಅರ್ಧ ಹಿಡಿದೇ ಎಳೆದಿದ್ದೆ. ಕ್ಲಚ್ ಪ್ಲೇಟೂ ಸುಟ್ಟುಹೋಯ್ತು.

ಅದು ದುಡ್ಡಿನ ಪೆಟ್ಟು. ಕಾಲಿನ ಪೆಟ್ಟು ಬಿದ್ದದ್ದು ಒಂದು ತಿಂಗಳ ನಂತರ. ಬೈಕ್ ಓಡಿಸಿ ಬೆಳೆದ ನಮಗೆಲ್ಲ ಒಂದು ಅಭ್ಯಾಸ ಉಂಟು ನೋಡಿ, ಗಾಡಿ ವಾಲಿದರೆ ಕಾಲು ಕೆಳಗೆ ಕೊಡುವುದು. ಕ್ವಾಡ್‌ನಲ್ಲಿ ಆ ಅಭ್ಯಾಸ ಅಪಾಯ. ಕಾಲು ನೆಲಕ್ಕೆ ತಾಗಿದ ಕೂಡಲೇ ಹಿಂದಿನ ಚಕ್ರ ಬಂದು ಅದರ ಮೇಲೆ ಹತ್ತುತ್ತದೆ. ನನ್ನ ಎಡಗಾಲಿನ ಹರಡಿನ ಮೇಲೆ ಹತ್ತಿತು. ಪಾದ ಇಡುವ ಜಾಗದ ಹೊರಗೆ, ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ, ಬಲೆ ಕಟ್ಟಿದ ಕೊಳವೆ ಹಾಕ್ತಾರೆ, ಅದಕ್ಕೆ ನರ್ಫ್ ಬಾರ್ ಅಂತ ಹೆಸರು. ನನ್ನ ಗಾಡಿಯದ್ದನ್ನು ಹಿಂದಿನ ಮಾಲೀಕರು ಬಿಚ್ಚಿ ಬೇರೆ ಮಾರಿದ್ದರು. ಇಲ್ಲದ್ದನ್ನು ಗಮನಿಸುವ ತಿಳಿವಳಿಕೆ ನನಗೆ ಇರಲಿಲ್ಲ.

ಆರು ವಾರ ಪ್ಲಾಸ್ಟರ್. ಸೈಟಲ್ಲಿ ನಿಂತು ಮಾಡುವ ಕೆಲಸ ನನ್ನದು, ಆ ಆರು ವಾರದ ಸಂಬಳ ಹೋಯ್ತು. ಊರಿಗೆ ಹಣ ಯಾಕೆ ಕಳಿಸಲಿಲ್ಲ ಅಂತ ಅಮ್ಮನಿಗೆ ಏನೋ ಒಂದು ನೆವ ಹೇಳಿದೆ. ಹಾಗಾಗಿ ಅಕ್ಕನ ಮಗ "ತೆಗೊಳ್ಲಾ" ಅಂತ ಕೇಳಿದರೆ ಬರೀ ಹೆಬ್ಬೆರಳಿನ ಚಿಹ್ನೆ ಒತ್ತಿ ಸುಮ್ಮನಿರಲು ನನಗೆ ಆಗುವುದಿಲ್ಲ.

ಸ್ಪೋರ್ಟ್ ಕ್ವಾಡ್ ಅಂದರೆ ಎಂತದ್ದು?

ಮೊದಲು ಇದನ್ನು ಬಿಡಿಸಿ ಹೇಳ್ತೇನೆ. ಊರಿನ ರೆಸಾರ್ಟ್‌ಗಳಲ್ಲಿ, ಕೆಲವು ತೋಟಗಳಲ್ಲಿ ನೀವು ನೋಡಿರುವ ಎಟಿವಿ ಹೆಚ್ಚಾಗಿ ಕೆಲಸದ ಜಾತಿಯದ್ದು. ಮುಂದೆ ಹಿಂದೆ ಸಾಮಾನು ಇಡುವ ಕ್ಯಾರಿಯರ್, ಸ್ಕೂಟರಿನ ಹಾಗೆ ಬೆಲ್ಟಿನ ಆಟೋಮ್ಯಾಟಿಕ್ ಗೇರ್, ಹಲವದರಲ್ಲಿ ಫೋರ್ ವೀಲ್ ಡ್ರೈವ್. ಭಾರ ಹೊರಲಿಕ್ಕೆ, ನಿಧಾನ ಹೋಗಲಿಕ್ಕೆ ಒಳ್ಳೆಯದು.

ಸ್ಪೋರ್ಟ್ ಕ್ವಾಡ್ ಅಂದರೆ ನಾಲ್ಕು ಚಕ್ರದ ಡರ್ಟ್ ಬೈಕ್ ಅಂತ ತಿಳ್ಕೊಳ್ಳಿ. ಕೈಯಲ್ಲಿ ಕ್ಲಚ್, ಕಾಲಲ್ಲಿ ಗೇರ್, ಚೈನ್ ಮೂಲಕ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಮುಂದೆ ಎರಡು ಚಕ್ರಕ್ಕೂ ಬೇರೆ ಬೇರೆ ಎ-ಆರ್ಮ್, ಬೇರೆ ಬೇರೆ ಶಾಕ್. ಹಿಂದೆ ಒಂದು ಸ್ವಿಂಗ್ ಆರ್ಮ್, ಒಂದೇ ಶಾಕ್. ಥ್ರಾಟಲ್ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತುವುದು.

ಇನ್ನೊಂದು ಮುಖ್ಯ ವಿಷಯ ಹಿಂದಿನ ಆಕ್ಸಲ್. ಅದು ಒಂದೇ ಸರಳು, ಕಾರಲ್ಲಿರುವ ಡಿಫರೆನ್ಶಿಯಲ್ ಇಲ್ಲ. ಕಾರು ತಿರುಗುವಾಗ ಒಳಗಿನ ಚಕ್ರ ಕಡಿಮೆ ಸುತ್ತುತ್ತದೆ, ಹೊರಗಿನದ್ದು ಹೆಚ್ಚು. ಇಲ್ಲಿ ಎರಡೂ ಒಟ್ಟಿಗೇ ಸುತ್ತಬೇಕು. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲಿಕ್ಕೆ ನೋಡ್ತದೆ. ತಿರುಗಿಸಬೇಕಾದರೆ ನೀವು ಸೀಟಿಂದ ಎದ್ದು ತಿರುವಿನ ಒಳಬದಿಗೆ ಮೈ ಹಾಕಬೇಕು. ಸೀಟು ಅಷ್ಟು ಉದ್ದ ಇರುವುದು ಇಬ್ಬರು ಕೂರಲಿಕ್ಕೆ ಅಲ್ಲ, ಒಬ್ಬನೇ ಹಿಂದೆ ಮುಂದೆ ಸರಿಯಲಿಕ್ಕೆ. ಗೆಳೆಯನನ್ನೋ ಮಗುವನ್ನೋ ಹಿಂದೆ ಕೂರಿಸಿದರೆ ಹೀಗೆ ಸರಿಯುವ ಜಾಗವೇ ಹೋಗ್ತದೆ, ಭಾರ ಹಿಂದೆ ಬಿದ್ದು ಏರಿನಲ್ಲಿ ಮುಂಭಾಗ ಏಳ್ತದೆ. ಒಬ್ಬರಿಗೆ ಮಾಡಿದ ಗಾಡಿ, ಒಬ್ಬರೇ ಹತ್ತಿ.

ನಾಲ್ಕು ಚಕ್ರ ಉಂಟು, ಬೀಳುವುದಿಲ್ಲ ಅನ್ನುವ ಧೈರ್ಯ ತುಂಬಾ ಜನರಿಗೆ ಉಂಟು. ಹಿಂದೆ ಮೂರು ಚಕ್ರದ್ದೂ ಇತ್ತು, ಹೋಂಡಾದವರು 1970ರಲ್ಲಿ ಶುರು ಮಾಡಿದ್ದು. ಮಗುಚಿ ಬಿದ್ದು ಸತ್ತವರು, ಗಾಯಗೊಂಡವರು ಎಷ್ಟಾದರು ಅಂದರೆ ಅಮೆರಿಕದಲ್ಲಿ 1988ರಲ್ಲಿ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡು ಕಂಪೆನಿಗಳು ಅದರ ಮಾರಾಟವನ್ನೇ ನಿಲ್ಲಿಸಿದವು. ನಾಲ್ಕು ಚಕ್ರದ್ದು ಅದಕ್ಕಿಂತ ಭದ್ರ ಹೌದು, ಆದರೆ ಮಗುಚುವುದಿಲ್ಲ ಅಂತ ಅಲ್ಲ. ಬೈಕ್ ಬಿದ್ದರೆ ಪಕ್ಕಕ್ಕೆ ಬೀಳ್ತದೆ. ಇದು ಮಗುಚಿದರೆ ನಿಮ್ಮ ಮೇಲೆ ಬೀಳ್ತದೆ.

ಮೂರು ನೆಲ, ಮೂರು ಗಾಡಿ

ಈಗ ಅಸಲು ವಿಷಯಕ್ಕೆ ಬರೋಣ. ಗಾಡಿ ನೋಡುವ ಮೊದಲು ಒಂದು ಕಾಗದದಲ್ಲಿ ಬರೆಯಿರಿ: ನಾನು ಹತ್ತು ಸಲ ಹೋದರೆ ಎಂಟು ಸಲ ಎಲ್ಲಿಗೆ ಹೋಗ್ತೇನೆ? ಆ ಎಂಟು ಸಲದ ಜಾಗಕ್ಕೆ ಗಾಡಿ ತೆಗೊಳ್ಳಿ. ಉಳಿದ ಎರಡು ಸಲ ಹೇಗೋ ಸುಧಾರಿಸಬಹುದು.

ಒಂದನೆಯದ್ದು ಮೋಟೋಕ್ರಾಸ್ ಟ್ರ್ಯಾಕ್. ಗುಡ್ಡೆ ಹಾರುವುದು, ಇಳಿಯುವುದು, ತಿರುಗುವುದು. ಇಲ್ಲಿ ಅಗಲ ಬೇಕು, ತಗ್ಗು ಬೇಕು, ಗಟ್ಟಿ ಶಾಕ್ ಬೇಕು. ಯಮಹಾ ವೈಎಫ್‌ಝಡ್ 450 ಆರ್ ಉದಾಹರಣೆಗೆ ತೆಗೊಳ್ಳಿ. 449 ಸಿ.ಸಿ., ಅಗಲ ಸುಮಾರು 49 ಇಂಚು, ಐದು ಗೇರ್, ರಿವರ್ಸ್ ಇಲ್ಲ. ಎಂಜಿನ್ನಿನ ಜೀವ ಇರುವುದು ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಸುಮ್ಮನಿದ್ದದ್ದು ಮೇಲೆ ಹೋದ ಹಾಗೆ ಒಮ್ಮೆಲೇ ಎಳೆಯುತ್ತದೆ. ಟ್ರ್ಯಾಕಲ್ಲಿ ಹಾರಿ ಇಳಿಯುವಾಗ ಆ ಗಟ್ಟಿ ಶಾಕ್ ನಿಮ್ಮ ಬೆನ್ನು ಕಾಪಾಡ್ತದೆ. ಅದೇ ಶಾಕ್ ಕಲ್ಲಿನ ದಾರಿಯಲ್ಲಿ ನಿಧಾನ ಹೋಗುವಾಗ ಪ್ರತಿಯೊಂದು ಕಲ್ಲನ್ನೂ ಕೈಗೆ ಮುಟ್ಟಿಸ್ತದೆ.

ಎರಡನೆಯದ್ದು ಕಾಡುದಾರಿ, ಟ್ರೇಲ್. ಮರಗಳ ನಡುವೆ ಸಂದಿ, ಬೇರು, ಕಲ್ಲು, ಏರು, ಕೆಸರು. ಇಲ್ಲಿ ಅಗಲ ನಿಮ್ಮ ಶತ್ರು. ಅಮೆರಿಕದ ಸರಕಾರಿ ಅರಣ್ಯಗಳಲ್ಲಿ ಎಷ್ಟೋ ದಾರಿಗಳಿಗೆ 50 ಇಂಚು ಅಗಲದ ಮಿತಿ ಉಂಟು. ಟ್ರ್ಯಾಕಿಗಾಗಿ ಉದ್ದದ ಎ-ಆರ್ಮ್, ಉದ್ದದ ಆಕ್ಸಲ್ ಹಾಕಿ ಅಗಲ ಮಾಡಿದ ಗಾಡಿಗೆ ಮರಗಳ ಸಂದಿಯಲ್ಲಿ ಜಾಗ ಸಾಕಾಗುವುದಿಲ್ಲ. ಯಮಹಾದವರೇ 2010ರಲ್ಲಿ ಅದೇ 450ರ ಇನ್ನೊಂದು ರೂಪ ತಂದರು, ಹೆಸರಿನ ಕೊನೆಗೆ ಎಕ್ಸ್, ಅಗಲ 46 ಇಂಚು. ಒಂದೇ ಎಂಜಿನ್ನಿನ ಗಾಡಿ, ಎರಡು ನೆಲಕ್ಕೆ ಎರಡು ಅಗಲ! ಎರಡು ಮೂರು ಇಂಚಿಗೆ ಎಷ್ಟು ಬೆಲೆ ಉಂಟು ಅಂತ ಇದರಲ್ಲೇ ಗೊತ್ತಾಗ್ತದೆ.

ಟ್ರೇಲಿಗೆ ಬೇಕಾದದ್ದು ಮೆತ್ತಗಿನ ಶಾಕ್, ಕೆಳಗಿನ ಆರ್‌ಪಿಎಂನಲ್ಲೇ ಎಳೆಯುವ ಎಂಜಿನ್, ತುಸು ಎತ್ತರದ ಟಯರ್, ಮತ್ತೆ ರಿವರ್ಸ್. ದಾರಿ ತಪ್ಪಿ ಒಂದು ಮರಕ್ಕೆ ಮುಖ ಕೊಟ್ಟು ನಿಂತರೆ ರಿವರ್ಸಿನ ಬೆಲೆ ಗೊತ್ತಾಗ್ತದೆ. ಹೊಸಬರಿಗೆ ಹೋಂಡಾ ಟಿಆರ್‌ಎಕ್ಸ್ 250 ಎಕ್ಸ್ ಒಳ್ಳೆಯದು. 229 ಸಿ.ಸಿ., ಗಾಳಿಯಿಂದಲೇ ತಣಿಯುವ ಸರಳ ಎಂಜಿನ್, ರಿವರ್ಸ್ ಉಂಟು. 2009ರಿಂದ ಈಚಿನದ್ದರಲ್ಲಿ ಕ್ಲಚ್ ಒತ್ತಿದರೂ ಆಯ್ತು, ಒತ್ತದಿದ್ದರೂ ಆಯ್ತು. ಸ್ವಲ್ಪ ಕೈ ಪಳಗಿದವರಿಗೆ 400ರ ಜಾತಿ, ಅಂದರೆ ಹೋಂಡಾ ಟಿಆರ್‌ಎಕ್ಸ್ 400 ಎಕ್ಸ್ ಅಥವಾ ಸುಜುಕಿ ಎಲ್‌ಟಿ-ಝಡ್ 400. ಹಳೆಯ ಗಾಡಿಗಳೇ, ಆದರೆ ಗಟ್ಟಿ. ಎರಡಕ್ಕೂ ರಿವರ್ಸ್ ಉಂಟು, ಹೋಂಡಾದ 400ಕ್ಕೆ ಅದು ಬಂದದ್ದು 2005ರಲ್ಲಿ.

ಮೂರನೆಯದ್ದು ನಮ್ಮ ಮರಳು. ಮರಳು ಶಕ್ತಿ ತಿನ್ನುತ್ತದೆ, ಹಾಗಾಗಿ ದೊಡ್ಡ ಎಂಜಿನ್ನಿಗೆ ಇಲ್ಲಿ ನಿಜವಾದ ಕೆಲಸ ಉಂಟು. ರ‍್ಯಾಪ್ಟರ್ 700ರ ಒಂದೇ ಸಿಲಿಂಡರ್ 686 ಸಿ.ಸಿ.ಯದ್ದು. ಅಗಲ 46 ಇಂಚು, ತೂಕ ಸುಮಾರು 190 ಕಿಲೋ, ರಿವರ್ಸ್ ಉಂಟು. ಕೆಳಗಿನಿಂದಲೇ ಎಳೆಯುತ್ತದೆ. ಡಕಾರ್ ರ‍್ಯಾಲಿಯಲ್ಲಿ 2009ರಿಂದ 2024ರವರೆಗೆ ಕ್ವಾಡ್‌ಗಳಿಗೆ ಪ್ರತ್ಯೇಕ ವಿಭಾಗ ಇತ್ತು. ಅಲ್ಲಿ ಮೆರೆದದ್ದು ಹೆಚ್ಚಾಗಿ ಇದೇ ಗಾಡಿ. ಅರ್ಜೆಂಟೀನಾದ ಪ್ಯಾಟ್ರೊನೆಲ್ಲಿ ಅಣ್ಣತಮ್ಮಂದಿರು ಐದು ಸಲ ಗೆದ್ದರು, ಮಾರ್ಕೋಸ್ ಮೂರು ಸಲ, ಅಲೆಹಾಂಡ್ರೋ ಎರಡು ಸಲ. ಚಿಲಿಯ ಇಗ್ನಾಸಿಯೋ ಕಸಾಲೆ ಮೂರು ಸಲ, ಅದರಲ್ಲಿ ಒಂದು 2020ರಲ್ಲಿ ಇಲ್ಲೇ ಪಕ್ಕದ ಸೌದಿಯಲ್ಲಿ. 2025ರಿಂದ ಆ ವಿಭಾಗವನ್ನೇ ತೆಗೆದಿದ್ದಾರೆ.

ಹಾಗಾದರೆ ಅಕ್ಕನ ಮಗ ಹೇಳಿದ್ದು ಸರಿಯೇ ಆಯ್ತಲ್ಲ, ಇಲ್ಲಿ ಮರಳು, ಗಾಡಿ 700? ನೆಲ ಸರಿ. ಆದರೆ ಓಡಿಸುವವರು ಯಾರು ಅನ್ನುವುದೂ ಲೆಕ್ಕಕ್ಕೆ ಬರ್ತದೆ. ದೊಡ್ಡ ಎಂಜಿನ್ ಹೆಬ್ಬೆರಳ ಸಣ್ಣ ತಪ್ಪನ್ನೂ ದೊಡ್ಡದು ಮಾಡ್ತದೆ. ದಿಬ್ಬ ಹತ್ತುವಾಗ ಒಂದು ಏಟು ಹೆಚ್ಚು ಒತ್ತಿದರೆ 250 ಸ್ವಲ್ಪ ಮರಳು ಹಾರಿಸ್ತದೆ, ಅಷ್ಟೆ. 700 ಮುಂದಿನ ಎರಡೂ ಚಕ್ರ ಎತ್ತಿ ಹಿಂದಕ್ಕೆ ಮಗುಚಲು ನೋಡ್ತದೆ. ಕಲಿಯುವವನು ತಪ್ಪು ಮಾಡಿಯೇ ಮಾಡ್ತಾನೆ. ಆ ತಪ್ಪುಗಳನ್ನು ಚಿಕ್ಕ ಗಾಡಿಯಲ್ಲೇ ಮಾಡಿ ಮುಗಿಸಲಿ ಅನ್ನುವುದು ನನ್ನ ಮಾತು.

ಮಕ್ಕಳ ಬಗ್ಗೆಯೂ ಒಂದು ಮಾತು. 16 ವರ್ಷದ ಒಳಗಿನವರಿಗೆ ದೊಡ್ಡವರ ಗಾಡಿ ಕೊಡಲೇಬೇಡಿ. ಅವರಿಗಾಗಿಯೇ 50, 90 ಸಿ.ಸಿ.ಯ ಗಾಡಿಗಳು ಉಂಟು. ಗಾಡಿಯ ಮೇಲೆ ಅಂಟಿಸಿರುವ ವಯಸ್ಸಿನ ಪಟ್ಟಿ ಅಲಂಕಾರಕ್ಕೆ ಹಾಕಿದ್ದಲ್ಲ.

ಗಾಡಿ ಮೇಲೆ ಕೂತು ನೋಡುವುದು

ಅಂಗಡಿಗೆ ಹೋದಾಗ ಬರೀ ಸೀಟಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು ಬರಬೇಡಿ. ಪಾದ ಇಡುವ ಜಾಗದಲ್ಲಿ ಎದ್ದು ನಿಲ್ಲಿ, ಸರಿಯಾದ ಸವಾರಿ ಅರ್ಧಕ್ಕರ್ಧ ನಿಂತೇ ಮಾಡುವುದು. ನಿಂತಾಗ ಸೊಂಟ ತೀರಾ ಬಗ್ಗುತ್ತದಾ? ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಮೊಣಕಾಲಿಗೆ ತಾಗ್ತದಾ? ದೂರದ ಕೈ ಪೂರ್ತಿ ನೀಟಿಹೋಗ್ತದಾ? ಬ್ರೇಕ್ ಪೆಡಲ್ ಒತ್ತಲು ಪಾದ ಎತ್ತಿ ಹುಡುಕಬೇಕಾಗ್ತದಾ? ಹೆಬ್ಬೆರಳಲ್ಲಿ ಥ್ರಾಟಲ್ ಹತ್ತು ನಿಮಿಷ ಒತ್ತಿ ಬಿಟ್ಟು ನೋಡಿ. ಸ್ಪ್ರಿಂಗ್ ಬಿಗಿ ಇದ್ದರೆ ಒಂದು ಗಂಟೆಯಲ್ಲಿ ಹೆಬ್ಬೆರಳು ಮರಗಟ್ಟುತ್ತದೆ.

ನಿಮ್ಮ ತೂಕವೂ ಲೆಕ್ಕ. ಶಾಕ್‌ಗಳನ್ನು ಕಂಪೆನಿಯವರು ಒಂದು ಸಾಧಾರಣ ತೂಕಕ್ಕೆ ಹೊಂದಿಸಿ ಕಳಿಸ್ತಾರೆ. ನೀವು 60 ಕಿಲೋ ಇದ್ದರೂ 100 ಕಿಲೋ ಇದ್ದರೂ ಅದು ನಿಮಗೆ ಹೊಂದುವುದಿಲ್ಲ. ಸ್ಪ್ರಿಂಗಿನ ಬಿಗಿ, ಶಾಕ್ ಒತ್ತುವ ಮತ್ತು ಮರಳುವ ವೇಗ, ಇವನ್ನು ತಿರುಗಿಸಿ ಹೊಂದಿಸುವ ಅವಕಾಶ ಉಂಟಾ ಅಂತ ಕೇಳಿ. ಶಾಕ್ ಸರಿಯಾಗಿ ಹೊಂದಿಸಿದ 400ರ ಗಾಡಿಯವರು, ಹೊಂದಿಸದ 700ರವರನ್ನು ಉಬ್ಬುತಗ್ಗಿನ ದಾರಿಯಲ್ಲಿ ಹಿಂದೆ ಹಾಕಿ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಟಯರ್ ಬಗ್ಗೆ ಚುಟುಕಾಗಿ. ಟ್ರ್ಯಾಕಿಗೆ ಹಿಂದೆ 18 ಇಂಚಿನ ಗಿಡ್ಡ ಟಯರ್, ಗಾಡಿ ತಗ್ಗಾಗ್ತದೆ. ಟ್ರೇಲಿಗೆ 20 ಇಂಚು, ತಳ ಕಲ್ಲಿಗೆ ತಾಗುವುದು ಕಡಿಮೆ. ಮರಳಿಗೆ ಹಿಂದೆ ದೋಣಿಯ ಹುಟ್ಟಿನ ಹಾಗೆ ಪಟ್ಟಿ ಇರುವ ಪ್ಯಾಡಲ್ ಟಯರ್. ಗಾಳಿ ಕಾರಿನ ಹಾಗೆ 30 ಹಾಕಬೇಡಿ, ಇದಕ್ಕೆ ಬೇಕಾದದ್ದು 4-5 ಪಿಎಸ್‌ಐ ಮಾತ್ರ. ಪೆಟ್ರೋಲ್ ಬಂಕಿನ ಮೀಟರ್ ಅಷ್ಟು ಕಡಿಮೆ ಸರಿಯಾಗಿ ತೋರಿಸುವುದಿಲ್ಲ, ಇದಕ್ಕೆಂದೇ ಇರುವ ಸಣ್ಣ ಗೇಜ್ ಇಟ್ಟುಕೊಳ್ಳಿ.

ರೇಸಿಗೇ ಇಳಿಯುವುದಾದರೆ

ಕೆಲವರು ನಿಜವಾಗಿಯೂ ರೇಸ್ ಮಾಡಬೇಕು ಅಂತಲೇ ಇರ್ತಾರೆ. ಅವರು ಗಾಡಿ ನೋಡುವ ಮೊದಲು ನಿಯಮದ ಪುಸ್ತಕ ನೋಡಬೇಕು. ಯಾವ ವರ್ಗದಲ್ಲಿ ಎಷ್ಟು ಸಿ.ಸಿ., ಎಷ್ಟು ಅಗಲ, ಕಡ್ಡಾಯ ಏನೇನು ಅಂತ ಅದರಲ್ಲಿ ಇರ್ತದೆ. ಅಮೆರಿಕದ ಮೋಟೋಕ್ರಾಸ್ ರೇಸುಗಳಲ್ಲಿ ನರ್ಫ್ ಬಾರ್ ಕಡ್ಡಾಯ. ಮಣಿಗಂಟಿಗೆ ಕಟ್ಟುವ ದಾರದ ಕಿಲ್ ಸ್ವಿಚ್ಚೂ ಕಡ್ಡಾಯ, ಸವಾರ ಬಿದ್ದ ಕೂಡಲೇ ದಾರ ಕಿತ್ತು ಎಂಜಿನ್ ನಿಲ್ಲಬೇಕು. ರೇಸಲ್ಲಿ ಕಡ್ಡಾಯ ಮಾಡಿದ್ದನ್ನು ನಾವು ಸುಮ್ಮನೆ ಓಡಿಸುವಾಗಲೂ ಹಾಕಿಕೊಳ್ಳಬೇಕು ಅಂತ ನನಗೆ ಅನ್ನಿಸುವುದು, ಕಾಲು ಕೊಟ್ಟು ಕಲಿತ ಮೇಲೆ.

ಆಮೇಲೆ ಒಂದು ದಿನ ಬರೀ ನೋಡಲಿಕ್ಕೆ ಹೋಗಿ. ಮೊದಲ ಮೂರು ಜನರ ಗಾಡಿ ನೋಡಬೇಡಿ, ಅವರ ಹಿಂದೆ ಮೆಕ್ಯಾನಿಕ್‌ಗಳ ಪಡೆ ಇರ್ತದೆ. ನಡುವೆ ಬರುವವರ ಗಾಡಿ ನೋಡಿ. ಸ್ವಂತ ದುಡ್ಡಲ್ಲಿ, ಸ್ವಂತ ಕೈಯಲ್ಲಿ ರಿಪೇರಿ ಮಾಡಿಕೊಂಡು ವರ್ಷವಿಡೀ ಓಡಿಸುವವರು ಅವರೇ.

ರೇಸಲ್ಲಿ ಇನ್ನೂ ಒಂದು ಪ್ರಶ್ನೆ ಉಂಟು, ಬಿಡಿಭಾಗ. 2004ರ ಹೊತ್ತಿಗೆ ಹೋಂಡಾ, ಯಮಹಾ ಇಬ್ಬರೂ 450ರ ರೇಸ್ ಕ್ವಾಡ್ ಇಳಿಸಿದರು. 2006ರಲ್ಲಿ ಸುಜುಕಿಯ ಎಲ್‌ಟಿ-ಆರ್ 450, 2008ರಲ್ಲಿ ಕವಾಸಾಕಿ ಕೆಎಫ್‌ಎಕ್ಸ್ 450 ಆರ್ ಮತ್ತು ಕ್ಯಾನ್-ಆಮ್‌ನ ಡಿಎಸ್ 450. ಕೆಟಿಎಂ ಕೂಡ ಬಂತು. ಆಗಿನ ಪೈಪೋಟಿ ಹಾಗಿತ್ತು. ಆಮೇಲೆ ಒಂದೊಂದೇ ಕಂಪೆನಿ ಹಿಂದೆ ಸರಿಯಿತು. ಜಪಾನಿನ ನಾಲ್ಕು ದೊಡ್ಡ ಕಂಪೆನಿಗಳಲ್ಲಿ ಈಗ ಈ ವರ್ಗದಲ್ಲಿ ಉಳಿದದ್ದು ಯಮಹಾ ಮಾತ್ರ. ಹಾಗಂತ ಉಳಿದವು ಕೆಟ್ಟ ಗಾಡಿ ಅಲ್ಲ. ಕವಾಸಾಕಿಯದ್ದರಲ್ಲಿ ರಿವರ್ಸ್ ಕೂಡ ಇತ್ತು. ಆದರೆ ನಿಂತುಹೋದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ಒಂದು ಸಣ್ಣ ಭಾಗಕ್ಕೆ ಎರಡು ತಿಂಗಳು ಕಾಯಬೇಕಾಗಬಹುದು. ಕೊಳ್ಳುವ ಮೊದಲು ಹತ್ತಿರದ ಮೆಕ್ಯಾನಿಕ್ಕಿಗೆ ಒಂದು ಫೋನ್ ಮಾಡಿ ಕೇಳಿ: "ಇದರ ಪಿಸ್ಟನ್, ಕ್ಲಚ್ ಪ್ಲೇಟ್, ಬಾಲ್ ಜಾಯಿಂಟ್ ಸಿಗ್ತದಾ?" ಅವರು ಯೋಚಿಸಲಿಕ್ಕೆ ಶುರು ಮಾಡಿದರೆ, ನೀವೂ ಯೋಚಿಸಿ.

ರೇಸ್ ಎಂಜಿನ್ನಿನ ಆಯಸ್ಸನ್ನು ಕಿಲೋಮೀಟರಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಆಯಿಲ್ ಬೇಗ ಬೇಗ ಬದಲಿಸಬೇಕು, ವಾಲ್ವ್ ಸಂದಿ ಆಗಾಗ ನೋಡಬೇಕು, ಪಿಸ್ಟನ್ ರಿಂಗ್ ಕೂಡ ಸವೆಯುವ ವಸ್ತು ಅಂತಲೇ ಲೆಕ್ಕ. ಆ ಖರ್ಚು ಹೊರಲಿಕ್ಕೆ ತಯಾರಿಲ್ಲದಿದ್ದರೆ ರೇಸ್ ಗಾಡಿ ಬೇಡ. ಟ್ರೇಲ್ ಗಾಡಿ ಸ್ವಲ್ಪ ಉದಾಸೀನ ಮಾಡಿದರೂ ಸಹಿಸಿಕೊಳ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಮಾರುವವರಿಗೆ ಹಿಂದಿನ ದಿನವೇ ಹೇಳಿ: "ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಸಂಶಯ ಪಡಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗ ಬರುವ ನೀಲಿ ಹೊಗೆ, ಟಕಟಕ ಶಬ್ದ, ಇವು ಬಿಸಿಯಾದ ಮೇಲೆ ಅಡಗಿಹೋಗಬಹುದು.

ಮರಳುಗಾಡಿನ ಗಾಡಿಯಾದರೆ ಸೀಟು ತೆಗೆದು ಏರ್ ಫಿಲ್ಟರ್ ಬಿಚ್ಚಿಸಿ. ಫಿಲ್ಟರಿನ ಆಚೆ, ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಬಟ್ಟೆಯಲ್ಲಿ ನಯವಾದ ಧೂಳು ಬಂದರೆ ಆ ಎಂಜಿನ್ ಮರಳು ಉಸಿರಾಡಿದೆ ಅಂತ ಅರ್ಥ. ಒಳಗೆ ಉಪ್ಪುಕಾಗದ ತಿಕ್ಕಿದ ಹಾಗೆ ಸವೆದಿರ್ತದೆ. ಹೊರಗೆ ಎಷ್ಟು ಹೊಳೆದರೂ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಜ್ಯಾಕ್ ಕೊಟ್ಟು ಮುಂಭಾಗ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಹೋಗಿದೆ. ಹಿಂಭಾಗ ಎತ್ತಿ ಚಕ್ರ ತಿರುಗಿಸಿ, ಓಲಾಡುತ್ತಾ ಸುತ್ತಿದರೆ ಆಕ್ಸಲ್ ಬಗ್ಗಿದೆ. ಎತ್ತರದಿಂದ ಹಾರಿಸಿ ಕೆಟ್ಟದಾಗಿ ಇಳಿಸಿದ ಗುರುತು ಅದು. ಶಾಕ್ ಮತ್ತು ಎ-ಆರ್ಮ್ ಫ್ರೇಮಿಗೆ ಸೇರುವ ಜಾಗದ ವೆಲ್ಡಿಂಗನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಹೊಸ ಪೇಂಟ್ ಕಂಡರೆ ಯಾಕೆ ಅಂತ ಕೇಳಿ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಸಮೇತ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಫ್ರೇಮಿನ ನಂಬರ್ ಕಾಗದದಲ್ಲಿರುವ ನಂಬರಿಗೆ ಹೋಲಬೇಕು. ಉಜ್ಜಿಹೋಗಿದೆ ಅಂತ ಹೇಳಿದರೆ ಅದು ಕದ್ದ ಗಾಡಿ ಇರಬಹುದು. ಪರದೇಶದಲ್ಲಿ ನಮಗೆ ಅಂಥ ತಲೆಬಿಸಿ ಬೇಡ.

ಇನ್ನು ಹಣದ ಲೆಕ್ಕ. ಇಟ್ಟುಕೊಂಡ ದುಡ್ಡಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾತ್ರ ಗಾಡಿಗೆ. ಉಳಿದ ಒಂದು ಪಾಲು ಹೆಲ್ಮೆಟ್, ಕನ್ನಡಕ, ಮೊಣಕಾಲಿನವರೆಗಿನ ಬೂಟು, ಎದೆ ಬೆನ್ನಿನ ರಕ್ಷಾಕವಚ, ನರ್ಫ್ ಬಾರ್, ಕಿಲ್ ಸ್ವಿಚ್, ಮರಳಿಗೆ ಹೋಗುವುದಾದರೆ ದಿಬ್ಬದ ಆಚೆಯವರಿಗೆ ಕಾಣುವಂಥ ಎತ್ತರದ ಬಾವುಟ. ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಪಿಕಪ್ಪಲ್ಲೋ ಟ್ರೇಲರಲ್ಲೋ ಹೇರಿಕೊಂಡೇ ಹೋಗಬೇಕು. ಆ ಬಾಡಿಗೆಯೂ ಇದರಲ್ಲೇ ಬರ್ತದೆ.

ಅಕ್ಕನ ಮಗನ ವಿಷಯ

ಈ ಲೆಕ್ಕವನ್ನೆಲ್ಲ ಅವನ ಹತ್ತಿರ ಕೂತು ಮಾಡಿಸಿದೆ. ಆ 700ಕ್ಕೆ ಹಣ ಕೊಟ್ಟರೆ ಅವನ ಕೈಯಲ್ಲಿ ಉಳಿಯುವುದರಲ್ಲಿ ಒಂದು ಸಾಧಾರಣ ಹೆಲ್ಮೆಟ್ ಬರ್ತದೆ, ಬೂಟು ಬರುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವ, ನಿಮ್ಮ ಕಾಲು ಈಗಲೂ ನೋಯ್ತದಾ?" ಅಂತ ಕೇಳಿದ. ಚಳಿಗಾಲದಲ್ಲಿ, ಮೆಟ್ಟಿಲು ಇಳಿಯುವಾಗ ಮಾತ್ರ ಅಂತ ಹೇಳಿದೆ. ಇದ್ದದ್ದನ್ನೇ ಹೇಳಿದ್ದು.

ಈಗ ಅಜ್ಮಾನಿನಲ್ಲಿ ಒಂದು ಸುಜುಕಿ 400 ನೋಡಿಟ್ಟಿದ್ದಾನೆ. ಬಣ್ಣ ಮಾಸಿದೆ, ಒಂದು ಮಡ್‌ಗಾರ್ಡ್ ಸೀಳಿದೆ, ನರ್ಫ್ ಬಾರ್ ಉಂಟು, ರಿವರ್ಸ್ ಉಂಟು. ಎರಡು ವರ್ಷ ಓಡಿಸಿ, ಬೇಕಾದರೆ ಮಾರಿ 700ಕ್ಕೆ ಹೋಗು ಅಂದೆ. ಆಗ ನಾನು ಬೇಡ ಅನ್ನುವುದಿಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ ಇಬ್ಬರೂ ಹೊರಡ್ತೇವೆ. ಚೀಲದಲ್ಲಿ ಒಂದು ಟಾರ್ಚು, ಗಾಳಿಯ ಗೇಜು, ಒಂದು ಬಿಳಿ ಬಟ್ಟೆ. ಮಾರುವವರಿಗೆ ಅವನೇ ಫೋನ್ ಮಾಡಿ ಹೇಳಿದ್ದಾನೆ, ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ. ಬಟ್ಟೆಯಲ್ಲಿ ಧೂಳು ಬಂದರೆ ದಾರಿಯಲ್ಲಿ ಚಹಾ ಕುಡಿದು ವಾಪಸ್ ಬರ್ತೇವೆ, ಇನ್ನೊಂದು ಹುಡುಕಿದರಾಯ್ತು.

ನೀವೂ ಗಾಡಿ ನೋಡ್ತಾ ಇದ್ದರೆ, ನೆಲ ಯಾವುದು, ಕೈ ಎಷ್ಟು ಪಳಗಿದೆ, ಬೂಟಿಗೆ ಹಣ ಉಳಿದಿದೆಯಾ, ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಸಿ.ಸಿ. ಕೊನೆಗೆ ಕೇಳಿದರೂ ಸಾಕು.